ಮುದ್ರೆಯನ್ನು ಗುರುತಿಸದ ಯಂತ್ರ

ಕಂಪ್ಯೂಟರು ಮಂದವಾಯಿತು, ಕೆಲಸದ ನಡುವೆ ನಿಂತುಹೋಗುತ್ತದೆ, ಯಾವುದೋ ವೈರಸ್ಸು ಹೊಕ್ಕಿರಬೇಕು ಎಂಬ ದೂರು ಬಂದಾಗ ಬಲ್ಲವರು ಹೇಳುವ ಚಿಕಿತ್ಸೆ ಸಾಮಾನ್ಯವಾಗಿ ಒಂದೇ: ಅದರಲ್ಲಿರುವುದನ್ನೆಲ್ಲ ಅಳಿಸಿ ಆಪರೇಟಿಂಗ್ ಸಿಸ್ಟಮನ್ನು ಮೊದಲಿನಿಂದ ಮತ್ತೆ ಸ್ಥಾಪಿಸುವುದು. ಚಿಕಿತ್ಸೆ ಬಹುಮಟ್ಟಿಗೆ ಫಲಿಸುತ್ತದೆ, ಯಂತ್ರ ಚುರುಕಾಗುತ್ತದೆ. ಆದರೆ ಅಷ್ಟಕ್ಕೆ ಕೆಲಸ ಮುಗಿಯಲಿಲ್ಲ. ವ್ಯವಸ್ಥೆಯಲ್ಲಿ ಕಾಲಕಾಲಕ್ಕೆ ಕಂಡುಬಂದ ದೋಷಗಳಿಗೆ ತಯಾರಕರು ಒದಗಿಸಿರುವ ತಿದ್ದುಪಡಿಗಳನ್ನು, ಎಂದರೆ ಅಪ್‌ಡೇಟುಗಳನ್ನು, ತರಿಸಿ ಸೇರಿಸಬೇಕು. ಆ ಗುಂಡಿಯನ್ನು ಒತ್ತಿದಾಗಲೇ ಹಲವರಿಗೆ ಆಶ್ಚರ್ಯ ಕಾದಿರುತ್ತದೆ. ಹಸಿರು ಪಟ್ಟಿ ಕೆಲವು ನಿಮಿಷ ಹರಿದಾಡಿ, ಕೊನೆಗೆ ಕೆಂಪು ಗುರುತಿನೊಡನೆ ಅರ್ಥವಾಗದ ಸಂಕೇತಾಂಕವೊಂದು ಪರದೆಯ ಮೇಲೆ ಮೂಡುತ್ತದೆ. ಮತ್ತೆ ಒತ್ತಿದರೂ ಅದೇ. ಯಂತ್ರವನ್ನು ಆರಿಸಿ ಹೊತ್ತಿಸಿದರೂ ಅದೇ.

ಇಂಥ ತೊಡಕು ಯಾವ ವ್ಯವಸ್ಥೆಗಾದರೂ ಬರಬಹುದು. ಅದರ ಸ್ವರೂಪವನ್ನು ಸ್ಪಷ್ಟವಾಗಿ ತೋರಿಸುವ ನಿದರ್ಶನವೆಂದರೆ ವಿಂಡೋಸ್ ೭. ಮೈಕ್ರೋಸಾಫ್ಟ್ ಕಂಪನಿ ಇದನ್ನು ೨೦೦೯ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ತಂದಿತು. ೨೦೨೦ರ ಜನವರಿ ೧೪ರಂದು ಅದರ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಆದರೂ ಕಾಲೇಜುಗಳ ಪ್ರಯೋಗಾಲಯಗಳಲ್ಲಿ, ಸಣ್ಣ ಕಾರ್ಖಾನೆಗಳಲ್ಲಿ, ಅಳತೆಯ ಉಪಕರಣಗಳಿಗೆ ಜೋಡಿಸಿದ ಹಳೆಯ ಯಂತ್ರಗಳಲ್ಲಿ ಅದು ಇನ್ನೂ ಬದುಕಿದೆ. ಉಪಕರಣದೊಡನೆ ಬಂದ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ನಡೆಯದಿದ್ದರೆ ಬೇರೆ ದಾರಿ ಏನಿದೆ?

ನಿನ್ನೆಯವರೆಗೂ ತಿದ್ದುಪಡಿಗಳನ್ನು ಸ್ವೀಕರಿಸುತ್ತಿದ್ದ ಯಂತ್ರ, ಶುಚಿಮಾಡಿದ ಮೇಲೆ ಏಕೆ ನಿರಾಕರಿಸುತ್ತದೆ? ಸ್ವಲ್ಪ ವಿಚಾರಮಾಡಿದರೆ ಉತ್ತರ ಹೊಳೆಯುತ್ತದೆ. ಹೊಸದಾಗಿ ಸ್ಥಾಪಿಸಿದೆವೆಂದು ನಾವು ಹೇಳುತ್ತೇವೆ. ನಿಜವಾಗಿ ನಾವು ಸ್ಥಾಪಿಸಿದ್ದು ಅತ್ಯಂತ ಹಳೆಯದನ್ನು. ಸಾಮಾನ್ಯವಾಗಿ ದೊರೆಯುವ ಡಿಸ್ಕು 'ಸರ್ವಿಸ್ ಪ್ಯಾಕ್ ೧' ಎಂಬ ಪರಿಷ್ಕರಣದ್ದು. ಅದು ಹೊರಬಂದದ್ದು ೨೦೧೧ರ ಫೆಬ್ರುವರಿಯಲ್ಲಿ. ಅನಂತರದ ವರ್ಷಗಳಲ್ಲಿ ಯಂತ್ರ ಒಂದೊಂದಾಗಿ ಕಲಿತಿದ್ದುದೆಲ್ಲ ಅಳಿಸಿಹೋಯಿತು. ಗುಹೆಯಲ್ಲಿ ಯುಗಗಟ್ಟಲೆ ಮಲಗಿ ಎದ್ದ ಮುಚುಕುಂದ ಹೊರಗಿನ ಲೋಕವನ್ನು ಕಂಡು ಬೆರಗಾದಂತೆ, ಈ ಯಂತ್ರವೂ ೨೦೧೧ರಲ್ಲಿ ಕಣ್ಣುಮುಚ್ಚಿ ಇಂದು ತೆರೆದಿದೆ. ಲೋಕದ ರೀತಿ ಬದಲಾಗಿರುವುದು ಅದಕ್ಕೆ ತಿಳಿಯದು.

ತಿದ್ದುಪಡಿಯಿಲ್ಲದೆಯೇ ಇದ್ದುಬಿಟ್ಟರೇನು ಎಂದು ಕೇಳುವವರುಂಟು. ೨೦೧೭ರ ಮೇ ೧೨ರಂದು 'ವಾನಾಕ್ರೈ' ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿ, ಯಂತ್ರಗಳಲ್ಲಿದ್ದ ಕಡತಗಳನ್ನು ಬೀಗಹಾಕಿ ಹಣ ಕೇಳಿತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ ೧೪ರಂದು, ತಿದ್ದುಪಡಿ ಕೊಟ್ಟಿತ್ತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ ೨೩೬ ಆಸ್ಪತ್ರೆ ಆಡಳಿತ ಘಟಕಗಳಲ್ಲಿ ಕಡಮೆಯೆಂದರೂ ೮೦ ಘಟಕಗಳಿಗೆ ಬಾಧೆ ತಟ್ಟಿತೆಂದೂ, ರದ್ದಾದ ವೈದ್ಯಭೇಟಿಗಳು ೧೯,೦೦೦ಕ್ಕೂ ಮೀರಿದ್ದವೆಂದು ಅಂದಾಜೆಂದೂ ಆ ದೇಶದ ಲೆಕ್ಕಪರಿಶೋಧನಾ ಕಚೇರಿ ವರದಿಮಾಡಿತು. ಅಲ್ಲಿ ಸೋಂಕು ತಗಲಿದ ಯಂತ್ರಗಳಲ್ಲಿ ಹೆಚ್ಚಿನವು ತಿದ್ದುಪಡಿ ಹಾಕದ ವಿಂಡೋಸ್ ೭ ಯಂತ್ರಗಳು. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ಒಂದೇ ಜಾಲದಲ್ಲಿದ್ದ ಯಂತ್ರದಿಂದ ಯಂತ್ರಕ್ಕೆ ಅದು ತಾನಾಗಿ ದಾಟಿತು. ೨೦೧೧ರ ಡಿಸ್ಕಿನಿಂದ ಈಗತಾನೆ ಎದ್ದ ಯಂತ್ರದಲ್ಲಿ ಆ ಬಾಗಿಲು ಮತ್ತೆ ತೆರೆದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಈಗ ಸಂಕೇತಾಂಕಕ್ಕೆ ಬರೋಣ. ಇದನ್ನು ಮಂತ್ರಾಕ್ಷರವೆಂದು ಬಗೆದು ಕೈಬಿಡುವುದು ತರವಲ್ಲ. ರೋಗಲಕ್ಷಣವನ್ನು ಯಂತ್ರವೇ ಬರೆದುಕೊಟ್ಟಿರುವ ಚೀಟಿ ಅದು. ಇಂಥ ಯಂತ್ರಗಳಲ್ಲಿ ಮುಖ್ಯವಾಗಿ ಕಾಣುವವು ಎರಡು: ೮೦೦೭೨ಎಫ್೮ಎಫ್ ಮತ್ತು ೮೦೦೭೨ಇಎಫ್‌ಇ. ಈ ಅಂಕಗಳು ಹದಿನಾರನ್ನು ಮೂಲವಾಗಿಟ್ಟುಕೊಂಡ ಸಂಖ್ಯಾಪದ್ಧತಿಗೆ ಸೇರಿದವು; ಅಲ್ಲಿ 'ಇ' ಎಂದರೆ ೧೪, 'ಎಫ್' ಎಂದರೆ ೧೫. ಮೊದಲಿನ ೮ 'ಕೆಲಸ ಕೆಟ್ಟಿತು' ಎನ್ನುತ್ತದೆ. ಅನಂತರದ ೭ ಕೆಟ್ಟದ್ದು ವಿಂಡೋಸಿನ ಸಾಮಾನ್ಯ ದೋಷಪಟ್ಟಿಯಲ್ಲಿದೆ ಎನ್ನುತ್ತದೆ. ಉಳಿದ '೨ಇಎಫ್‌ಇ' ಎಂಬುದನ್ನು ನಮ್ಮ ದಶಮಾನಕ್ಕೆ ತಿರುಗಿಸಿದರೆ ೨×೪೦೯೬, ೧೪×೨೫೬, ೧೫×೧೬ ಮತ್ತು ೧೪, ಒಟ್ಟು ೧೨೦೩೦. ಪಟ್ಟಿಯಲ್ಲಿ ಇದರ ಅರ್ಥ, ಆಚೆಯವರು ಸಂಪರ್ಕವನ್ನು ನಡುವೆಯೇ ಕಡಿದರು ಎಂದು. ಇನ್ನೊಂದನ್ನು ಹೀಗೆಯೇ ಬಿಡಿಸಿದರೆ ೧೨೧೭೫ ಬರುತ್ತದೆ; ಅದು ಸುರಕ್ಷಿತ ಸಂಪರ್ಕ ಏರ್ಪಡಲಿಲ್ಲ ಎಂಬುದರ ಸೂಚನೆ. ಒಂದು ಗಡಿಯಾರದ ಕಡೆಗೆ ಬೆರಳುಮಾಡುತ್ತದೆ, ಇನ್ನೊಂದು ಮುದ್ರೆಯ ಕಡೆಗೆ.

ಗಡಿಯಾರದ ಸಂಗತಿ ಸುಲಭ. ಕಂಪ್ಯೂಟರನ್ನು ಆರಿಸಿದಾಗಲೂ ಅದರೊಳಗಿನ ಗಡಿಯಾರ ನಡೆಯುತ್ತಲೇ ಇರುತ್ತದೆ. ಅದರ ಹೃದಯವೆಂದರೆ ಸೆಕೆಂಡಿಗೆ ೩೨,೭೬೮ ಸಲ ಕಂಪಿಸುವ ಸ್ಫಟಿಕಶಿಲೆಯ ಚಿಕ್ಕದೊಂದು ಕವಲು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಎರಡನ್ನು ಎರಡರಿಂದ ಗುಣಿಸುತ್ತ ಹೋದರೆ ಹದಿನೈದನೆಯ ಘಾತಕ್ಕೆ ಸಿಗುವುದು ಇದೇ. ಕಂಪನಗಳನ್ನು ಹದಿನೈದು ಸಲ ಅರ್ಧಮಾಡಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಇದಕ್ಕೆ ವಿದ್ಯುತ್ತನ್ನು ಒದಗಿಸುವುದು ನಾಣ್ಯದಾಕಾರದ ೩ ವೋಲ್ಟಿನ ಲಿಥಿಯಂ ಕೋಶ. ಹಳೆಯ ಯಂತ್ರಗಳಲ್ಲಿ, ಅದರಲ್ಲೂ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದವುಗಳಲ್ಲಿ, ಈ ಕೋಶ ಸತ್ತಿರುತ್ತದೆ. ಆಗ ಯಂತ್ರ ಪ್ರತಿಸಲವೂ ತನ್ನ ನಿರ್ಮಾಣಕಾಲದ ಯಾವುದೋ ಜನವರಿ ಒಂದನೆಯ ತಾರೀಖಿಗೆ ಹಿಂದಿರುಗುತ್ತದೆ.

ತಾರೀಖು ತಪ್ಪಿದರೆ ತಿದ್ದುಪಡಿಗೇನು ಅಡ್ಡಿ? ತಿದ್ದುಪಡಿಗಳನ್ನು ಹಂಚುವ ಸರ್ವರು ತಾನು ನಿಜವಾದ ಮೈಕ್ರೋಸಾಫ್ಟ್ ಸರ್ವರೇ ಎಂಬುದಕ್ಕೆ ಪ್ರಮಾಣಪತ್ರವೊಂದನ್ನು ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಸಿಂಧು ಎಂದು ನಮೂದಾಗಿರುತ್ತದೆ. ೨೦೦೯ರಲ್ಲಿ ಬದುಕುತ್ತಿರುವ ಯಂತ್ರದ ದೃಷ್ಟಿಯಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ! ಆದ್ದರಿಂದ ಅದು ಬಾಗಿಲು ಹಾಕಿಕೊಳ್ಳುತ್ತದೆ. ೮೦೦೭೨ಎಫ್೮ಎಫ್ ಎಂಬ ಚೀಟಿ ಬರುತ್ತದೆ. ಕೋಶವನ್ನು ಬದಲಿಸಿ, ತಾರೀಖನ್ನೂ ವೇಳೆಯನ್ನೂ ಸರಿಮಾಡಿದರೆ ಸಾಕು. ಜೊತೆಗೆ ಕಾಲವಲಯವನ್ನೂ ನೋಡಬೇಕು. ಸ್ಥಾಪನೆಯ ಹೊತ್ತಿಗೆ ಅಮೆರಿಕದ ಪಶ್ಚಿಮ ಕರಾವಳಿಯ ವೇಳೆಯನ್ನೇ ಬಿಟ್ಟು, ಮುಳ್ಳನ್ನು ಮಾತ್ರ ನಮ್ಮ ಗಂಟೆಗೆ ತಿರುಗಿಸುವವರುಂಟು. ಆಗ ಗಡಿಯಾರ ಕಣ್ಣಿಗೆ ಸರಿಯಾಗಿ ಕಂಡರೂ ಯಂತ್ರದ ಒಳಲೆಕ್ಕ ೧೩ ಗಂಟೆ ೩೦ ನಿಮಿಷ ತಪ್ಪಿರುತ್ತದೆ.

ಎರಡನೆಯ ಸಂಗತಿ ಹೆಚ್ಚು ಸ್ವಾರಸ್ಯದ್ದು. ಅರಸರ ಕಾಲದಲ್ಲಿ ನಿರೂಪದ ಮೇಲೆ ಮುದ್ರೆಯಿದ್ದರೆ ಮಾತ್ರ ಊರಿನ ಅಧಿಕಾರಿ ಅದನ್ನು ಮನ್ನಿಸುತ್ತಿದ್ದನಷ್ಟೆ. ಹಾಗೆಯೇ ಪ್ರತಿಯೊಂದು ತಿದ್ದುಪಡಿಯೂ ಮುದ್ರೆ ಹೊತ್ತು ಬರುತ್ತದೆ. ಈ ಮುದ್ರೆಯ ಆಧಾರ 'ಹ್ಯಾಷ್' ಎಂಬ ಗಣಿತಕ್ರಿಯೆ. ಕಡತ ಎಷ್ಟೇ ದೊಡ್ಡದಿರಲಿ, ಅದನ್ನು ಅರೆದು ಹಿಂಡಿ ಗೊತ್ತಾದ ಉದ್ದದ ಒಂದು ಸಂಖ್ಯೆಯನ್ನು ಈ ಕ್ರಿಯೆ ಕೊಡುತ್ತದೆ. ಕಡತದಲ್ಲಿ ಒಂದೇ ಅಕ್ಷರ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಅದನ್ನು ಕಡತದ ಬೆರಳಚ್ಚು ಎನ್ನಬಹುದು. ೧೯೯೫ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಪ್ರಕಟಿಸಿದ ಎಸ್‌ಎಚ್‌ಎ-೧ ಎಂಬ ವಿಧಾನ ಬಹುಕಾಲ ಎಲ್ಲೆಡೆ ಬಳಕೆಯಲ್ಲಿತ್ತು. ಅದರ ಬೆರಳಚ್ಚಿನ ಉದ್ದ ೧೬೦ ದ್ವಿಮಾನ ಅಂಕಗಳು.

ಎರಡು ಬೇರೆ ಕಡತಗಳಿಗೆ ಒಂದೇ ಬೆರಳಚ್ಚು ಬರುವುದಾದರೆ ಮುದ್ರೆಗೆ ಬೆಲೆಯಿಲ್ಲ. ಅಂಥ ಜೋಡಿಯನ್ನು ಹುಡುಕುವುದು ಎಷ್ಟು ಕಷ್ಟ? ೨ರ ೧೬೦ನೆಯ ಘಾತದಷ್ಟು ಯತ್ನ ಬೇಕೆಂದು ತೋರುವುದು ಸಹಜ, ಅದು ತಪ್ಪು. ಒಂದು ಕೋಣೆಯಲ್ಲಿ ೨೩ ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂಬುದು ಗಣಿತದಲ್ಲಿ ಪ್ರಸಿದ್ಧ. ನಂಬದ ವಿದ್ಯಾರ್ಥಿಗಳಿಗೆ ತರಗತಿಯಲ್ಲೇ ಎಣಿಸಿ ನೋಡಿ ಎನ್ನುತ್ತೇನೆ. ಅದೇ ನ್ಯಾಯದಿಂದ ಇಲ್ಲಿ ಬೇಕಾಗುವುದು ೨ರ ೮೦ನೆಯ ಘಾತದಷ್ಟು ಯತ್ನ ಮಾತ್ರ. ೨೦೦೫ರಲ್ಲಿ ಚೀನದ ಗಣಿತಜ್ಞೆ ವಾಂಗ್ ಷಿಯಾವ್ಯುನ್ ಮತ್ತು ಸಂಗಡಿಗರು ಅದಕ್ಕಿಂತ ಬಹಳ ಕಡಮೆ ಶ್ರಮ ಸಾಕೆಂದು ತೋರಿಸಿದರು. ೨೦೧೭ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡಾಮಿನ ಗಣಿತ ಸಂಶೋಧನ ಕೇಂದ್ರದವರೂ ಗೂಗಲ್ ಕಂಪನಿಯವರೂ ಸೇರಿ, ಸುಮಾರು ೨ರ ೬೩ನೆಯ ಘಾತದಷ್ಟು ಗಣನೆಗಳ ಮೂಲಕ, ಬೇರೆ ಬೇರೆಯಾಗಿದ್ದೂ ಒಂದೇ ಬೆರಳಚ್ಚುಳ್ಳ ಎರಡು ಕಡತಗಳನ್ನು ಲೋಕದ ಮುಂದಿಟ್ಟರು. ಈಗಾಗಲೇ ಹೊರಬಂದಿರುವ ಕಡತವೊಂದಕ್ಕೆ ಸುಳ್ಳುಜೋಡಿಯನ್ನು ಮಾಡುವುದು ಇದಕ್ಕಿಂತ ಎಷ್ಟೋ ಕಠಿಣವೆಂಬುದು ನಿಜ. ಆದರೆ ಬಿರುಕುಬಿಟ್ಟ ಮುದ್ರೆಯನ್ನು ಯಾವ ಎಚ್ಚರವುಳ್ಳವರೂ ಮುಂದುವರಿಸಲಾರರು.

ಹೀಗಾಗಿ ಮೈಕ್ರೋಸಾಫ್ಟ್ ೨೫೬ ಅಂಕಗಳ ಬೆರಳಚ್ಚನ್ನು ಕೊಡುವ, ಎಸ್‌ಎಚ್‌ಎ-೨ ಕುಟುಂಬಕ್ಕೆ ಸೇರಿದ ಹೊಸ ಮುದ್ರೆಗೆ ಬದಲಾಯಿಸಿತು. ೨೦೧೯ರ ನಡುವಿನಿಂದ ವಿಂಡೋಸ್ ೭ರ ತಿದ್ದುಪಡಿಗಳು ಹೊಸ ಮುದ್ರೆಯನ್ನಷ್ಟೆ ಹೊತ್ತು ಬಂದವು. ಹಳೆಯ ಮುದ್ರೆಯನ್ನು ಅವಲಂಬಿಸಿದ್ದ ಸರ್ವರ್ ದ್ವಾರಗಳನ್ನು ೨೦೨೦ರಲ್ಲಿ ಮುಚ್ಚಲಾಯಿತು. ತಿದ್ದುಪಡಿಗಳ ಮೇಲಿನ ಹೊಸ ಮುದ್ರೆಯನ್ನು ಪರೀಕ್ಷಿಸುವ ವಿದ್ಯೆ ೨೦೧೧ರ ಡಿಸ್ಕಿಗೆ ಬಾರದು. ಆ ವಿದ್ಯೆಯನ್ನು ಕಲಿಸುವುದೂ ಒಂದು ತಿದ್ದುಪಡಿಯೇ. ಅದನ್ನು ತರಲು ಹೋದರೆ ಆಚೆಯ ಬಾಗಿಲು ಮುಚ್ಚಿದೆ. ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗಾಯಿತು. ೮೦೦೭೨ಇಎಫ್‌ಇ ಎಂಬ ಚೀಟಿಯ ಹಿಂದಿರುವ ಕಥೆ ಸಾಮಾನ್ಯವಾಗಿ ಇಷ್ಟೇ.

ಪರಿಹಾರವೆಂದರೆ ಬೀಗದ ಕೈಯನ್ನು ಹೊರಗಿನಿಂದ ತರುವುದು. ಮೈಕ್ರೋಸಾಫ್ಟಿನ 'ಅಪ್‌ಡೇಟ್ ಕ್ಯಾಟಲಾಗ್' ಎಂಬ ತಾಣದಲ್ಲಿ ತಿದ್ದುಪಡಿಗಳು ಬಿಡಿಬಿಡಿಯಾಗಿ, ಕೆಬಿ ಎಂಬ ಅಕ್ಷರಗಳೊಡನೆ ಅಂಕೆ ಹೊತ್ತು ಸಿಗುತ್ತವೆ. ಸುಸ್ಥಿತಿಯಲ್ಲಿರುವ ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಅಲ್ಲಿಯವರೆಗೆ ಹಳೆಯ ಯಂತ್ರದ ಜಾಲದ ತಂತಿಯನ್ನು ಕಿತ್ತಿಡುವುದೇ ಮೇಲು. ವಾನಾಕ್ರೈ ಹೊಕ್ಕ ಬಾಗಿಲು ಇನ್ನೂ ತೆರೆದಿದೆಯಲ್ಲವೆ? ಮೊದಲು ಸರ್ವಿಸ್ ಪ್ಯಾಕ್ ೧ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಮುಂದಿನ ಯಾವುದೂ ಹತ್ತುವುದಿಲ್ಲ. ಅನಂತರ ಕೆಬಿ ೪೪೯೦೬೨೮. ಇದು ತಿದ್ದುಪಡಿಗಳನ್ನು ಹಾಕುವ ಯಂತ್ರಾಂಗಕ್ಕೇ ಮಾಡುವ ತಿದ್ದುಪಡಿ, ಉಳಿಯನ್ನು ಮಸೆದಂತೆ. ಆಮೇಲೆ ಕೆಬಿ ೪೪೭೪೪೧೯. ಹೊಸ ಮುದ್ರೆಯ ವಿದ್ಯೆ ಇದರಲ್ಲಿದೆ. ಎರಡೂ ಮೊದಲು ಹೊರಬಂದದ್ದು ೨೦೧೯ರ ಮಾರ್ಚ್‌ನಲ್ಲಿ. ಹಳೆಯ ಯಂತ್ರ ಒಪ್ಪಿಕೊಳ್ಳಲೆಂದು ಹಳೆಯ ಮುದ್ರೆಯನ್ನೇ ಇವುಗಳ ಮೇಲೆ ಉಳಿಸಲಾಗಿತ್ತು. ಒಂದೊಂದರ ನಂತರವೂ ಯಂತ್ರವನ್ನು ಆರಿಸಿ ಹೊತ್ತಿಸುವುದು ಕ್ಷೇಮ. ಇಷ್ಟಾದ ಮೇಲೆ ೨೦೨೦ರ ಜನವರಿಯ ಒಟ್ಟುಗೂಡಿಸಿದ ತಿದ್ದುಪಡಿಯಾದ ಕೆಬಿ ೪೫೩೪೩೧೦ನ್ನು ಹಾಕಿದರೆ ವಾನಾಕ್ರೈ ಬಾಗಿಲೂ ಸೇರಿ ಹಲವು ಬಾಗಿಲುಗಳು ಒಮ್ಮೆಗೇ ಮುಚ್ಚುತ್ತವೆ. ಇಳಿಸಿಕೊಳ್ಳುವಾಗ ೩೨ ಬಿಟ್ಟಿನದೋ ೬೪ ಬಿಟ್ಟಿನದೋ ಎಂಬುದನ್ನು ಗಮನಿಸಬೇಕು. ತಪ್ಪಾದುದನ್ನು ಕೊಟ್ಟರೆ 'ಈ ಕಂಪ್ಯೂಟರಿಗೆ ಅನ್ವಯಿಸದು' ಎಂಬ ಉತ್ತರ ಬರುತ್ತದೆ, ಜನ ವೃಥಾ ಕಂಗೆಡುತ್ತಾರೆ.

ದೋಷಸೂಚನೆಯೇ ಇಲ್ಲದೆ 'ಹುಡುಕುತ್ತಿದೆ' ಎಂದು ಗಂಟೆಗಟ್ಟಲೆ ತಿರುಗುವ ಯಂತ್ರಗಳೂ ಉಂಟು. ಇದು ೨೦೧೫–೧೬ರ ಸುಮಾರಿಗೆ ಪ್ರಬಲವಾದ ಕಾಯಿಲೆ. ಹೊಸ ತಿದ್ದುಪಡಿ ಹಳೆಯದನ್ನು, ಅದು ಇನ್ನೂ ಹಳೆಯದನ್ನು ರದ್ದುಗೊಳಿಸುತ್ತ ಹೋಗುತ್ತದೆ. ಯಾವುದು ಯಾವುದನ್ನು ನುಂಗಿತೆಂದು ಯಂತ್ರ ಲೆಕ್ಕಹಾಕಬೇಕು. ಸಂಖ್ಯೆ ನೂರುಗಳನ್ನು ಮುಟ್ಟಿದಾಗ ಲೆಕ್ಕ ವಿಪರೀತವಾಗಿ ಬೆಳೆಯುತ್ತದೆ. ೨೦೧೬ರ ಜುಲೈಯ ಕೆಬಿ ೩೧೭೨೬೦೫ ಇದಕ್ಕೆ ಮದ್ದು. ಅದಕ್ಕೂ ಮೊದಲು ಕೆಬಿ ೩೦೨೦೩೬೯ ಬೇಕು.

'ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್' ಎಂಬ ಹೆಸರಿನ ಫೋಲ್ಡರನ್ನು ಅಳಿಸಿಬಿಡಿ ಎಂದು ಎಲ್ಲ ತೊಂದರೆಗೂ ಸಲಹೆ ಕೊಡುವವರು ಹೇರಳ. ಇಳಿಸಿಕೊಂಡ ತಿದ್ದುಪಡಿಗಳು ತಾತ್ಕಾಲಿಕವಾಗಿ ತಂಗುವ ಉಗ್ರಾಣ ಅದು. ಕೆಟ್ಟ ಸರಕು ಸೇರಿದ್ದರೆ ತೆರವುಮಾಡುವುದು ನ್ಯಾಯ. ಆದರೆ ನಿನ್ನೆ ತಾನೆ ಸ್ಥಾಪಿಸಿದ ವ್ಯವಸ್ಥೆಯಲ್ಲಿ ಉಗ್ರಾಣ ಬರಿದಾಗಿಯೇ ಇರುತ್ತದೆ. ಎಲ್ಲ ಜ್ವರಕ್ಕೂ ಒಂದೇ ಕಷಾಯ ಕುಡಿಸುವ ಈ ಪದ್ಧತಿ ನನಗೆ ಸಮ್ಮತವಲ್ಲ. ಮತ್ತೊಮ್ಮೆ ಡಿಸ್ಕು ಹಾಕಿ ಸ್ಥಾಪಿಸುವುದಂತೂ ಮುಚುಕುಂದನನ್ನು ಪುನಃ ಮಲಗಿಸಿ ಎಬ್ಬಿಸಿದಂತೆಯೇ ಸರಿ.

ಇಷ್ಟೆಲ್ಲ ಮಾಡಿದ ಯಂತ್ರಕ್ಕೂ ೨೦೨೦ರ ನಂತರ ಕಂಡುಬಂದ ದೋಷಗಳಿಗೆ ಸಾಮಾನ್ಯವಾಗಿ ಮದ್ದಿಲ್ಲ. ಹಣ ಕೊಟ್ಟವರಿಗೆ ನೀಡುತ್ತಿದ್ದ ಹೆಚ್ಚಿನ ಪೋಷಣೆಯೂ ೨೦೨೩ರ ಜನವರಿಗೆ ಮುಗಿಯಿತು. ಆದ್ದರಿಂದ ಉಪಕರಣದ ಪಕ್ಕದಲ್ಲಿ, ಜಾಲದಿಂದ ದೂರವಾಗಿ, ಅಳತೆಗಳನ್ನು ದಾಖಲಿಸುವ ಕೆಲಸಕ್ಕೆ ಅದನ್ನು ಇಟ್ಟುಕೊಳ್ಳಬಹುದೇ ಹೊರತು ಬ್ಯಾಂಕಿನ ವ್ಯವಹಾರಕ್ಕಲ್ಲ. ಎಲ್ಲವೂ ಸರಿಹೋದ ದಿನವೇ ಕಂಟ್ರೋಲ್ ಪ್ಯಾನೆಲ್ಲಿನ ಬ್ಯಾಕಪ್ ವಿಭಾಗಕ್ಕೆ ಹೋಗಿ, ಇಡೀ ವ್ಯವಸ್ಥೆಯ ಪ್ರತಿಬಿಂಬವೊಂದನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡು, ಅದರ ಮೇಲೆ ತಾರೀಖು ಬರೆದಿಡಬೇಕು. ಇನ್ನೊಮ್ಮೆ ಯಂತ್ರ ಕೆಟ್ಟರೆ ೨೦೧೧ರ ಡಿಸ್ಕಿನ ಬದಲು ಆ ಪ್ರತಿಯಿಂದಲೇ ಹೊರಡಬಹುದು. ಹೊಸ ಮುದ್ರೆಯ ವಿದ್ಯೆ ಅದರಲ್ಲಿ ಮೊದಲೇ ಸೇರಿರುತ್ತದೆ.