ಹೊಸ ವಿಂಡೋಸ್, ಹಳೆಯ ‘ಕಾನ್’

ಲಗ್ನಪತ್ರಿಕೆ ಮಾಡಿಸಲು ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋದರೆ, ಡಿಟಿಪಿ ಅಂಗಡಿಯ ಮೂಲೆಯಲ್ಲಿ ಹಸಿರು ಗುಡ್ಡ, ನೀಲಿ ಆಕಾಶ: ವಿಂಡೋಸ್ ಎಕ್ಸ್‌ಪಿ! 2001ರಲ್ಲಿ ಹುಟ್ಟಿ, 2014ರಲ್ಲಿ ಮೈಕ್ರೋಸಾಫ್ಟ್ ಕೈಬಿಟ್ಟ ಈ ಮುದುಕ ಇನ್ನೂ ಪೇಜ್‌ಮೇಕರ್, ನುಡಿ ಹೊತ್ತು ದುಡಿಯುತ್ತಿದ್ದಾನೆ. ಬಿಲ್ಲು, ವಾಟ್ಸ್‌ಆ್ಯಪ್‌ಗೆ ಪಕ್ಕದಲ್ಲಿ ವಿಂಡೋಸ್ 11 ಇದೆ. “ಅದಕ್ಕೆ ಹಾಕಿದ್ರೆ ಮ್ಯಾಟರೆಲ್ಲ ಒಡೆದುಹೋಗುತ್ತೆ ಸಾರ್” ಎಂದರು ಆಪರೇಟರ್. ಒಡೆಯುವುದಕ್ಕೆ ಹಳೆಯ ಫಾಂಟುಗಳ ಸಂಕೇತ ಕಾರಣ, ವಿಂಡೋಸ್ ಅಲ್ಲ. ಯೂನಿಕೋಡ್ ಕನ್ನಡ, ತುಂಗಾ ಫಾಂಟ್ ಸಮೇತ ಎಕ್ಸ್‌ಪಿಯಲ್ಲೇ ಇತ್ತು.

ನನಗೆ ಚೇಷ್ಟೆ ಹೊಳೆಯಿತು. ಎರಡೂ ಕಂಪ್ಯೂಟರುಗಳಲ್ಲಿ ‘ಕಾನ್’ (con) ಎಂದು ಇಂಗ್ಲಿಷಿನಲ್ಲಿ ಫೋಲ್ಡರ್ ಮಾಡಿ ಎಂದೆ. ಬಿಲ್ ಗೇಟ್ಸ್‌ಗೂ ಗೊತ್ತಿಲ್ಲದ ರಹಸ್ಯ ಎಂದು ಒಂದು ಕಾಲದಲ್ಲಿ ಇಮೇಲ್‌ಗಳಲ್ಲಿ ಸುತ್ತಿದ ವಿಷಯವಿದು: ಆ ಹೆಸರಿನ ಫೋಲ್ಡರ್ ಮಾಡಲಾಗದು. ರಹಸ್ಯವೇನಿಲ್ಲ. ವಿಂಡೋಸ್‌ಗೂ ಹಿಂದಿನ, 1981ರ ಡಾಸ್‌ನಲ್ಲಿ ‘ಕಾನ್’ ಎಂದರೆ ಕೀಬೋರ್ಡು ಮತ್ತು ಪರದೆ, ‘ಪಿಆರ್‌ಎನ್’ ಎಂದರೆ ಪ್ರಿಂಟರ್. ಆಗ ಫೋಲ್ಡರುಗಳೇ ಇರಲಿಲ್ಲ. 1983ರಲ್ಲಿ ಅವು ಬಂದಾಗ ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ಆ ಹೆಸರುಗಳನ್ನು ಪ್ರತಿ ಫೋಲ್ಡರಿನಲ್ಲೂ ಕಾಯ್ದಿರಿಸಿದರು. ಇವತ್ತಿಗೂ ಅದೇ ಕಾನೂನು! ಎಕ್ಸ್‌ಪಿ ತುಟಿ ಬಿಚ್ಚದೆ ಹೆಸರನ್ನು ‘ನ್ಯೂ ಫೋಲ್ಡರ್’ಗೆ ತಿರುಗಿಸಿತು, ವಿಂಡೋಸ್ 11 ಹೆಸರು ಸರಿಯಿಲ್ಲ ಎಂದು ಬಾಯಿಬಿಟ್ಟು ಹೇಳಿತು. ಇಪ್ಪತ್ತು ವರ್ಷದಲ್ಲಿ ಇಷ್ಟಾದರೂ ಆಯಿತಲ್ಲ.

ಕಣ್ಣಿಗೆ ಕಾಣುವ ಬದಲಾವಣೆಗಳ ಕಥೆಯೆಲ್ಲ ಹೆಚ್ಚುಕಡಿಮೆ ಹೀಗೇ. 2012ರಲ್ಲಿ ವಿಂಡೋಸ್ 8 ಸ್ಟಾರ್ಟ್ ಬಟನ್ ಕಿತ್ತುಹಾಕಿತು, ಬೈಗುಳ ತಿಂದು ಮರುವರ್ಷ 8.1ರಲ್ಲಿ ಮರಳಿಸಿತು. 2021ರಲ್ಲಿ ಬಂದ ವಿಂಡೋಸ್ 11 ಟಾಸ್ಕ್‌ಬಾರನ್ನು ಪಕ್ಕಕ್ಕೆ ಸರಿಸುವ ಸೌಲಭ್ಯವನ್ನೇ ತೆಗೆಯಿತು. ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಮೆಮೊರಿ ಸಾಕಿತ್ತು, ಇದಕ್ಕೆ 4 ಜಿಬಿ. ಸರಿಯಾಗಿ 64 ಪಟ್ಟು.

ಕಾಣದ ಕಡೆ ಮಾತ್ರ ನಿಜವಾದ ಕೆಲಸ ನಡೆದಿದೆ. 2003ರಲ್ಲಿ ಬ್ಲಾಸ್ಟರ್ ಎಂಬ ಹುಳು, ಬಳಕೆದಾರ ಏನನ್ನೂ ಒತ್ತದಿದ್ದರೂ ನೆಟ್‌ವರ್ಕಿನಿಂದಲೇ ಎಕ್ಸ್‌ಪಿಗೆ ನುಗ್ಗುತ್ತಿತ್ತು. ಮರುವರ್ಷದ ಸರ್ವಿಸ್ ಪ್ಯಾಕ್ 2 ಫೈರ್‌ವಾಲನ್ನು ತಾನಾಗಿಯೇ ಚಾಲೂ ಮಾಡಿತು. ಗಮನಿಸಿ, ಅದು ಹೊಸ ಆವೃತ್ತಿಯಲ್ಲ, ಬಿಟ್ಟಿ ತೇಪೆ! ಹೆಜ್ಜೆಹೆಜ್ಜೆಗೂ ಅನುಮತಿ ಕೇಳುತ್ತದೆಂದು ನಾವೆಲ್ಲ ಶಪಿಸಿದ ವಿಂಡೋಸ್ ವಿಸ್ಟಾ ಕೂಡ ಈ ವಿಷಯದಲ್ಲಿ ಸರಿಯಾಗಿಯೇ ಇತ್ತು. ಇಂಟರ್‌ನೆಟ್ಟಿಗೆ ಎಕ್ಸ್‌ಪಿ ಬೇಡವೇ ಬೇಡ.

ಅದೇ ಭದ್ರತೆಯ ಹೆಸರಲ್ಲಿ ವಿಂಡೋಸ್ 11 ಟಿಪಿಎಂ 2.0 ಚಿಪ್ ಕೇಳುತ್ತದೆ, 7ನೇ ತಲೆಮಾರಿನ ಬಹುತೇಕ ಇಂಟೆಲ್ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಚೆನ್ನಾಗಿ ಓಡುವ ಲ್ಯಾಪ್‌ಟಾಪುಗಳನ್ನು ಹೀಗೆ ಗುಜರಿಯ ದಾರಿಗೆ ತಳ್ಳುವುದನ್ನು ಸುಧಾರಣೆ ಎನ್ನಲು ನನಗಂತೂ ಬಾಯಿ ಬರದು.