ಅಗ್ಗದ ಲ್ಯಾಪ್‌ಟಾಪ್, ಹಳದಿ ಮದುಮಗಳು!

ದಾವಣಗೆರೆ: ಮದುವೆ ಮುಗಿದು ತಿಂಗಳಾಯಿತು, ಆಲ್ಬಂ ಬಂತು. ಬಿಚ್ಚಿ ನೋಡಿದರೆ ಮದುಮಗಳ ಮುಖ ಹಳದಿ! ಅರಿಶಿನ ಶಾಸ್ತ್ರದ ಫೋಟೋ ಇರಬಹುದೆಂದರೆ ಅಲ್ಲ, ಧಾರೆಯ ಫೋಟೋ. ಮಾವನವರ ಬಿಳಿ ಪಂಚೆಯೂ ಹಳದಿ. "ಏನ್ರೀ ಇದು, ಮದುವಿಗೆ ಬಂದೋರಿಗೆಲ್ಲಾ ಕಾಮಾಲೆ ಆಗಿತ್ತೇನ್ರಿ?" ಎಂದು ಬೀಗರು ಕೇಳಿದರೆ ಸ್ಟುಡಿಯೋದವನ ಬಾಯಿ ಬಂದ್. ಬರಬೇಕಾದ ಬಾಕಿಯೂ ಬಂದ್.

ಸ್ಟುಡಿಯೋದವನು ಕಲರ್ ಲ್ಯಾಬಿನವರನ್ನು ಬೈಯುತ್ತಾನೆ. ಲ್ಯಾಬಿನವರು "ನೀವು ಕಳಿಸಿದ್ದೇ ಹಂಗೈತ್ರಿ" ಅನ್ನುತ್ತಾರೆ. ಎಷ್ಟೋ ಸಲ ನಿಜವಾದ ಕಳ್ಳ ಸ್ಟುಡಿಯೋದ ಮೇಜಿನ ಮೇಲೇ ಕೂತಿರುತ್ತಾನೆ. ಅವನೇ ಅಗ್ಗಕ್ಕೆ ತಂದ ಲ್ಯಾಪ್‌ಟಾಪಿನ ಪರದೆ!

ಮೊಬೈಲು ಬಂದ ಮೇಲೆ ಸಣ್ಣ ಸ್ಟುಡಿಯೋಗಳ ಹೊಟ್ಟೆ ತುಂಬಿಸುತ್ತಿರುವುದು ಪಾಸ್‌ಪೋರ್ಟ್ ಸೈಜಿನ ಫೋಟೋ ಮತ್ತು ಮದುವೆ ಆಲ್ಬಂ, ಇವೆರಡೇ ಎನ್ನಬೇಕು. ಒಂದು ಆಲ್ಬಂ ಮತ್ತೆ ಪ್ರಿಂಟ್ ಹಾಕಿಸಿದರೆ ಆ ಮದುವೆಯ ಲಾಭ ಹೋದಂತೆಯೇ. ಲ್ಯಾಪ್‌ಟಾಪಿನ ಕಂತು ಮಾತ್ರ ತಪ್ಪುವುದಿಲ್ಲ.

ಕಣ್ಣಿಗೆ ಮಣ್ಣು

ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ಟಚಪ್ ಮಾಡುವ ಕಾಲದಲ್ಲಿ ಕಣ್ಣೇ ಬಂಡವಾಳ. ಈಗ ಆ ಕಣ್ಣಿಗೆ ಪರದೆ ತೋರಿಸಿದ್ದೇ ಬಣ್ಣ. ಕಡಿಮೆ ಬೆಲೆಯ ಎಷ್ಟೋ ಪರದೆಗಳು ನೀಲಿಗೆ ತಿರುಗಿರುತ್ತವೆ. ಅದನ್ನು ಸರಿಮಾಡಲು ಹುಡುಗ ಫೋಟೋಕ್ಕೆ ಹಳದಿ ಸೇರಿಸುತ್ತಾನೆ. ಪರದೆಯ ಮೇಲೆ ಚೆಂದ, ಕಾಗದದ ಮೇಲೆ ಕಾಮಾಲೆ! ಸೀರೆಯ ಕೆಂಪು ಸಪ್ಪೆ ಕಂಡರೆ ಇನ್ನಷ್ಟು ಕೆಂಪು ಸುರಿಯುತ್ತಾನೆ. ಸ್ಕ್ರೀನಿನ ಬೆಳಕನ್ನು ಪೂರ್ತಿ ಏರಿಸಿ ಕೂತರೆ ಪ್ರಿಂಟು ಕಪ್ಪಾಗಿ ಬರುತ್ತದೆ.

ಬಣ್ಣಕ್ಕೂ ಒಂದು ಅಳತೆಯಿದೆ. ಅದರ ಹೆಸರು ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ಇದನ್ನು ರೂಪಿಸಿದವು. ಲ್ಯಾಬುಗಳು ಸಾಮಾನ್ಯವಾಗಿ ಈ ಅಳತೆಯಲ್ಲೇ ಫೈಲು ಕೇಳುತ್ತವೆ. ಪರದೆ ಶೇಕಡ 100ರ ಹತ್ತಿರ ಎಸ್‌ಆರ್‌ಜಿಬಿ ತೋರಿಸಬೇಕು. ಶೇಕಡ 45 ಎನ್‌ಟಿಎಸ್‌ಸಿ ಎಂದು ಬರೆದಿದ್ದರೆ ಮೂರರಲ್ಲಿ ಎರಡು ಪಾಲು ಬಣ್ಣವೂ ಕಾಣದು. ಕಿರಾಣಿ ಲೆಕ್ಕದಲ್ಲಿ ಹೇಳುವುದಾದರೆ, ಕಿಲೋ ಕೇಳಿದವನಿಗೆ ಆರುನೂರು ಚಿಲ್ಲರೆ ಗ್ರಾಂ ತೂಗಿಕೊಟ್ಟ ಹಾಗೆ.

ಅಂಗಡಿಯಲ್ಲಿ ಕೇಳುವುದೇನು?

"ಅಣ್ಣಾ, ಇದು ಐ7 ಐತಿ, ಗೇಮಿಂಗ್ ಕಾರ್ಡ್ ಐತಿ, ತಗೊಳ್ರಿ" ಎಂಬುದು ಮಾರುವವರ ಮಂತ್ರ. ಪರದೆಯ ಮಾತು ಬರುವುದೇ ಇಲ್ಲ. ಕೊಳ್ಳುವವರೂ ಕೇಳುವುದಿಲ್ಲ. ಫೋಟೋ ಟಚಪ್ಪಿಗೆ, ಆಲ್ಬಂ ಜೋಡಿಸುವುದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕೆಂದಿಲ್ಲ. ಮದುವೆ ವಿಡಿಯೋ ಕೂಡ ಕತ್ತರಿಸುವವರಿಗೆ ಅದು ಬೇಕು. ಬರೀ ಫೋಟೋದವರು ಆ ದುಡ್ಡನ್ನು ಪರದೆಗೆ ಹಾಕುವುದೇ ಜಾಣತನ.

ಎರಡನೆಯದು ರ‍್ಯಾಮ್. ಫೋಟೋಶಾಪ್ ತಯಾರಿಸುವ ಅಡೋಬಿ ಕಂಪನಿಯ ಪ್ರಕಾರವೇ 8 ಜಿಬಿ ಕನಿಷ್ಠ, 16 ಜಿಬಿ ಇದ್ದರೆ ಒಳ್ಳೆಯದು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದರಲ್ಲಿ 8 ಇದ್ದರೆ ಕೊನೆತನಕ 8. "ಮುಂದೆ ಹಾಕಿಸ್ಕೋಬಹುದೇನ್ರಿ, ಖಾಲಿ ಸ್ಲಾಟ್ ಐತೇನ್ರಿ?" ಎಂದು ಕೊಳ್ಳುವ ಮುಂಚೆಯೇ ಕೇಳಬೇಕು.

ಮೂರನೆಯದು ಜಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು ಸುಮಾರು 25ರಿಂದ 30 ಎಂಬಿ. ಒಂದು ಮದುವೆಗೆ 2000 ಹೊಡೆದರೆ 50–60 ಜಿಬಿ ಆಯಿತು. 512 ಜಿಬಿ ಎಸ್‌ಎಸ್‌ಡಿ ಇದ್ದರೂ ಏಳೆಂಟು ಮದುವೆಗೆ ತುಂಬಿಹೋಗುತ್ತದೆ. ಮುಗಿದ ಕೆಲಸವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಬೇಕು. ಅದೂ ಎರಡು ಪ್ರತಿ. ಕೆಟ್ಟುಹೋದ ಡಿಸ್ಕಿಗಾಗಿ ಯಾರೂ ಎರಡನೇ ಸಲ ತಾಳಿ ಕಟ್ಟುವುದಿಲ್ಲ!

ಹಳೇ ಗಿರಾಕಿ, ಹೊಸ ದಾರಿ

ದುಡ್ಡು ಸಾಲದವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಸ್ಸು ಹತ್ತುತ್ತಾರೆ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಇಂಥ ಗಟ್ಟಿ ಮಾಲು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ತಪ್ಪೇನಿಲ್ಲ. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಅದಕ್ಕಿಂತ ಹಳೆಯದನ್ನು ಅಗ್ಗವೆಂದು ತಂದವರು ಆಮೇಲೆ ತಲೆ ಕೆರೆದುಕೊಳ್ಳಬೇಕಾದೀತು. ಬ್ಯಾಟರಿಯನ್ನೂ ನೋಡಿಕೊಳ್ಳಿ.

ಇಂಥ ಹಳೇ ಮಾಲಿನ ಪರದೆಯೂ ಎಷ್ಟೋ ಸಲ ಸಪ್ಪೆಯೇ. ಅದಕ್ಕೊಂದು ಉಪಾಯವಿದೆ. ಸ್ಟುಡಿಯೋದಲ್ಲೇ ಕೂತು ಕೆಲಸ ಮಾಡುವವರು ಸಾಧಾರಣ ಲ್ಯಾಪ್‌ಟಾಪಿಗೆ 24 ಇಂಚಿನ ಐಪಿಎಸ್ ಮಾನಿಟರ್ ಜೋಡಿಸಿಕೊಳ್ಳಬಹುದು. ಎಸ್‌ಆರ್‌ಜಿಬಿ ಬಣ್ಣವನ್ನು ಹೆಚ್ಚುಕಮ್ಮಿ ಪೂರ್ತಿ ತೋರಿಸುವ ಮಾನಿಟರು ಹತ್ತು ಸಾವಿರದ ಆಸುಪಾಸಿನಲ್ಲಿ ಬರುತ್ತದೆ. ಮುಂದೆ ಲ್ಯಾಪ್‌ಟಾಪ್ ಬದಲಾಯಿಸಿದರೂ ಮಾನಿಟರು ಉಳಿಯುತ್ತದೆ.

ಇನ್ನು ಸಾಫ್ಟ್‌ವೇರ್. 2013ರಿಂದ ಅಡೋಬಿ ಬಾಡಿಗೆ ಪದ್ಧತಿಗೆ ಇಳಿದಿದೆ. ಕಳ್ಳ ಪ್ರತಿ ಹಾಕಿಸಿದರೆ ಅದರೊಂದಿಗೆ ವೈರಸ್ಸೂ ಬಂದೀತು. ಗಿಂಪ್, ಡಾರ್ಕ್‌ಟೇಬಲ್ ಎಂಬ ಎರಡು ಪುಕ್ಕಟೆ ಸಿಗುತ್ತವೆ. ಟಚಪ್ಪಿಗೆ, ಬಣ್ಣ ತಿದ್ದುವುದಕ್ಕೆ ಧಾರಾಳ ಸಾಕು. ಆಲ್ಬಂ ಡಿಸೈನುಗಳು ಫೋಟೋಶಾಪಿನ ಲೆಕ್ಕದಲ್ಲೇ ಬರುವುದರಿಂದ ಅದನ್ನು ಬಿಡಲಾರದವರು ಬಾಡಿಗೆಯನ್ನೂ ಖರ್ಚಿಗೆ ಸೇರಿಸಿಕೊಳ್ಳಲಿ.

ಜೇಬಿನಲ್ಲಿ ಪೆನ್ ಡ್ರೈವ್ ಇರಲಿ

ಆಷಾಢದಲ್ಲಿ ಕೈ ಖಾಲಿ ಇರುವಾಗ ಕೊಳ್ಳಲು ಹೋಗುವವರು ಪೆನ್ ಡ್ರೈವಿನಲ್ಲಿ ಒಂದು ಫೋಟೋ, ಕೈಯಲ್ಲಿ ಅದೇ ಫೋಟೋದ ಒಳ್ಳೇ ಪ್ರಿಂಟು ಹಿಡಿದುಕೊಂಡು ಹೋಗಿ. ಪರದೆಯ ಬೆಳಕು ಮಧ್ಯಕ್ಕಿಡಿ. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ. ಎಡಕ್ಕೆ, ಬಲಕ್ಕೆ, ಮೇಲಕ್ಕೆ ವಾಲಿಸಿ. ವಾಲಿಸಿದಂತೆ ಮುಖದ ಬಣ್ಣ ಬದಲಾದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಬಿಲ್ ಕೇಳಿ ಪಡೆಯಿರಿ. ಹೊಸ ಲ್ಯಾಪ್‌ಟಾಪಿನ ಮೇಲೆ ಶೇಕಡ 18 ಜಿಎಸ್‌ಟಿ ಇದೆ. ನಿಯಮಿತ ನೋಂದಣಿ ಇರುವ ಸ್ಟುಡಿಯೋದವರು ಅಂಗಡಿಯ ಹೆಸರಿನಲ್ಲಿ ಬಿಲ್ ಮಾಡಿಸಿದರೆ ಅದನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಷನ್ ಸ್ಕೀಮಿನವರಿಗೆ ಮಾತ್ರ ಈ ಭಾಗ್ಯವಿಲ್ಲ.

ಮಾರುವವರಿಗೂ ಒಂದು ಮಾತು. ಪ್ರೊಸೆಸರ್, ರ‍್ಯಾಮ್ ಎಂದು ಬೋರ್ಡು ಬರೆಯುವ ನೀವು ಪರದೆ ಶೇಕಡ ಎಷ್ಟು ಬಣ್ಣ ತೋರಿಸುತ್ತದೆ ಎಂಬುದನ್ನೂ ಅದರ ಪಕ್ಕದಲ್ಲೇ ಬರೆದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ಸಂಬಂಧಪಟ್ಟವರು ಗಮನಿಸುವರೇ?