ಬೆಳೆ ಕಾಯುವ ಕೋವಿಗೂ ಲೈಸೆನ್ಸು ಬೇಕು



ಭತ್ತ ತೆನೆ ತುಂಬಿದಾಗ ಹಂದಿ, ಜೋಳ ಹಾಲು ತುಂಬಿದಾಗ ಗಿಳಿ, ಬಾಳೆ ಗೊನೆ ಬಿಟ್ಟಾಗ ಮಂಗ. ಇವುಗಳ ಕಾಟ ನಿಮಗೆ ಹೊಸದಲ್ಲ. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ಡಬ್ಬ ಬಡಿದು ಸಾಕಾದ ಮೇಲೆ "ಒಂದು ಕೋವಿ ಇದ್ದಿದ್ದರೆ!" ಅನ್ನಿಸುವುದು ಸಹಜ. ಆದರೆ ಬೆಳೆ ಉಳಿಸಲು ಹೋಗಿ ಮನೆಯ ಯಜಮಾನನೇ ಜೈಲು ಸೇರಿದರೆ ಫಲವೇನು? ಆದ್ದರಿಂದ ಕೋವಿಯ ಕಾನೂನನ್ನು ನಾಲ್ಕು ಮಾತಿನಲ್ಲಿ ತಿಳಿದುಕೊಳ್ಳೋಣ.

ಈ ಕಾನೂನಿನ ಹೆಸರು ಆಯುಧ ಕಾಯಿದೆ, 1959. ಇದು ಕೇಂದ್ರದ ಕಾಯಿದೆ, ಇಡೀ ದೇಶಕ್ಕೆ ಒಂದೇ. ಇದಕ್ಕೆ ಸೇರಿದ ಈಗಿನ ನಿಯಮಗಳು 2016ರವು.

ಮೊದಲ ಪ್ರಶ್ನೆ: ಕೋವಿ ಅಂದರೆ ಯಾವುದು? ಕಾರ್ಖಾನೆಯಲ್ಲಿ ಮಾಡಿದ ತೋಟಾ ಕೋವಿ ಮಾತ್ರ ಕೋವಿ, ಕುಲುಮೆಯಲ್ಲಿ ಮಾಡಿದ ನಾಡಕೋವಿಗೆ ಕಾಗದಪತ್ರ ಬೇಡ ಅಂತ ಕೆಲವರು ತಿಳಿದಿದ್ದಾರೆ. ಇದು ತಪ್ಪು. ಕಾನೂನು ಆಕಾರವನ್ನು ನೋಡುವುದಿಲ್ಲ, ಕೆಲಸವನ್ನು ನೋಡುತ್ತದೆ. ಮದ್ದಿನ ಬಲದಿಂದ ಗುಂಡನ್ನೋ ಚರೆಯನ್ನೋ ಹಾರಿಸಲು ಮಾಡಿದ್ದು ಯಾವುದೇ ಇರಲಿ, ಅದು ಕೋವಿಯೇ. ಕುದುರೆ ಎಳೆದು ಹಾರಿಸಿದರೂ ಸರಿ, ಬತ್ತಿಗೆ ಬೆಂಕಿ ಕೊಟ್ಟು ಹಾರಿಸಿದರೂ ಸರಿ, ಹಿಡಿಕೆ ತಿರುಗಿಸಿ ಹಾರಿಸಿದರೂ ಸರಿ. ನೀರಿನ ಪೈಪು ಕತ್ತರಿಸಿ ಮಾಡಿದ್ದಾದರೂ ಲೆಕ್ಕ ಒಂದೇ.

ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ ಶಿಕ್ಷೆ ಏನು? 2019ರ ತಿದ್ದುಪಡಿಯ ಪ್ರಕಾರ ಸಾಮಾನ್ಯವಾಗಿ 2 ವರ್ಷದಿಂದ 5 ವರ್ಷದವರೆಗೆ ಸಜೆ, ಜೊತೆಗೆ ದಂಡ. ಲೈಸೆನ್ಸಿಲ್ಲದೆ ಕೋವಿ ತಯಾರಿಸಿದವರಿಗೆ ಕಡಿಮೆಯೆಂದರೆ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. "ಊರಿನ ಆಚಾರಿ ಹತ್ತಿರ ಒಂದು ಮಾಡಿಸ್ಕೊಂಡ್ರೆ ಆಯ್ತು" ಅಂತ ಅನ್ನುವವರು ಇದನ್ನು ನೆನಪಿನಲ್ಲಿಡಬೇಕು. ನೀವೂ ಕೆಡುತ್ತೀರಿ, ಆಚಾರಿಯ ಮನೆಯನ್ನೂ ಕೆಡಿಸುತ್ತೀರಿ.

ಇನ್ನು ಅಜ್ಜನ ಕಾಲದ ಕೋವಿ ಅಟ್ಟದ ಮೇಲಿದ್ದರೆ? ರಿಪೇರಿ ಮಾಡಿದರೂ ಹಾರದಷ್ಟು ಕೆಟ್ಟ ಹಳೆಯ ಕೋವಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ, ನಿಜ. ಆದರೆ ಅದು ಹಾರುವುದೋ ಇಲ್ಲವೋ ಅಂತ ನಾವು ನಾವೇ ತೀರ್ಮಾನಿಸಿ ಸುಮ್ಮನಿರಬಾರದು. ಯಜಮಾನರು ತೀರಿಕೊಂಡ ಮೇಲೆ ಅವರ ಲೈಸೆನ್ಸು ಮಗನ ಹೆಸರಿಗೆ ತಾನಾಗಿ ಬರುವುದೂ ಇಲ್ಲ. ಕೋವಿಯನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ, ಲೈಸೆನ್ಸು ಪಡೆದ ಕೋವಿ ಅಂಗಡಿಯಲ್ಲಾಗಲಿ ಠೇವಣಿ ಇಟ್ಟು ರಶೀದಿ ತೆಗೆದುಕೊಳ್ಳಿ. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು.

ಬೆಳೆ ಕಾಯುವ ರೈತನಿಗೆ ಕಾನೂನಿನಲ್ಲಿ ದಾರಿಯೇ ಇಲ್ಲವೆ? ಇದೆ. ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದರೆ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಲೈಸೆನ್ಸು ಕೊಡಲು ಕಾಯಿದೆಯ 13ನೆಯ ಕಲಮಿನಲ್ಲಿ ಅವಕಾಶವಿದೆ. ಅಂಥ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಕೊಡಬಹುದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ, ಪೊಲೀಸ್ ಕಮಿಷನರಿರುವ ನಗರದಲ್ಲಾದರೆ ಅವರ ಕಚೇರಿಯಲ್ಲಿ, ಅರ್ಜಿ ಕೊಡಬೇಕು. ಜಮೀನು ಯಾವ ಊರಿನಲ್ಲಿದೆ, ಎಷ್ಟಿದೆ ಎಂಬುದನ್ನು ತೋರಿಸಲು ಪಹಣಿ ಜೊತೆಗಿರಲಿ. ಪೊಲೀಸರ ವರದಿ ಬಂದ ಮೇಲೆ ತೀರ್ಮಾನವಾಗುತ್ತದೆ. ಲೈಸೆನ್ಸಿನ ಅವಧಿ 5 ವರ್ಷ. ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ.

ಅಭಯಾರಣ್ಯದಿಂದ 10 ಕಿಲೋಮೀಟರಿನ ಒಳಗೆ ವಾಸಿಸುವ ಕೋವಿದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕು. ಅಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?" ಅಂತ ಕೇಳುತ್ತೀರಿ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಹಿಂದಿನಿಂದ ಬಂದ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಅವರಿಗಷ್ಟೇ. ಮಡಿಕೇರಿಯ ನೆಂಟರ ಕೋವಿಯನ್ನು ಮೂಡಿಗೆರೆಗೆ ತಂದು ತೋಟ ಕಾಯಲು ಕೂತರೆ ಅಪರಾಧ. ಹಾಗೆಯೇ ಲೈಸೆನ್ಸಿನಲ್ಲಿ ಹೆಸರಿಲ್ಲದ ಕೂಲಿಯಾಳಿನ ಕೈಗೆ ಕೋವಿ ಕೊಟ್ಟು ಗದ್ದೆಗೆ ಕಳುಹಿಸಬೇಡಿ.

ಬಹಳ ಮುಖ್ಯವಾದ ಮಾತೊಂದಿದೆ. ಕೋವಿಯ ಲೈಸೆನ್ಸು ಪ್ರಾಣಿ ಕೊಲ್ಲುವ ಲೈಸೆನ್ಸಲ್ಲ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ, ಹಂದಿ ಬೆಳೆ ತಿಂದರೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಅದನ್ನು ಹೊಡೆಯುವಂತಿಲ್ಲ. ಆನೆ, ನವಿಲುಗಳಿಗಂತೂ ಕಟ್ಟುನಿಟ್ಟಿನ ರಕ್ಷಣೆಯಿದೆ. ಹಾನಿಯಾದರೆ ಫೋಟೋ, ಪಹಣಿ ಇಟ್ಟುಕೊಂಡು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ.

ಬೇಲಿಯಲ್ಲಿ ಕೋವಿ ಕಟ್ಟಿ, ದಾರ ತಗುಲಿದರೆ ಹಾರುವಂತೆ ಮಾಡುವ ಕೆಟ್ಟ ಪದ್ಧತಿಯನ್ನು ಬಿಟ್ಟೇ ಬಿಡಬೇಕು. ಆ ದಾರಕ್ಕೆ ಹಂದಿ ಯಾವುದು, ಸೌದೆಗೆ ಹೋದ ಹೆಣ್ಣುಮಗಳು ಯಾರು ಅಂತ ಗೊತ್ತಾಗುವುದಿಲ್ಲ. ಮಂಗ ಓಡಿಸಲು ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವುದೂ ಅಪಾಯವೇ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥದ್ದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಯಿತು.

ಲೈಸೆನ್ಸಿರುವವರು ಕೋವಿಯನ್ನು ಮದ್ದು ತುಂಬಿ ಗೋಡೆಗೆ ಒರಗಿಸಬೇಡಿ. ಕೋವಿ ಒಂದು ಕಡೆ, ಮದ್ದುಗುಂಡು ಇನ್ನೊಂದು ಕಡೆ, ಎರಡಕ್ಕೂ ಬೀಗ. ಬೀಗದ ಕೈ ಮಕ್ಕಳಿಗೆ ಸಿಗದಿರಲಿ. ಚುನಾವಣೆಯ ಕಾಲದಲ್ಲಿ ಠೇವಣಿ ಇಡಲು ಆಜ್ಞೆ ಬಂದರೆ ಇಟ್ಟು, ರಶೀದಿ ಜೋಪಾನ ಮಾಡಿ.

ಈ ವರ್ಷ ಹೋದ ಬೆಳೆಯನ್ನು ಮುಂದಿನ ಮಳೆಗೆ ಮತ್ತೆ ತೆಗೆಯಬಹುದು. ಹೋದ ಜೀವ ಮರಳಿ ಬಾರದು. ಇಂದೇ ಮನೆಯ ಅಟ್ಟ ನೋಡಿ, ಲೈಸೆನ್ಸಿನ ತಾರೀಖು ನೋಡಿ.